ಮೊದಲು ಗುಡ್ಡ, ಆಮೇಲೆ ದಂಡೆ

ಬಳ್ಳಾರಿ, ಕೊಪ್ಪಳ, ರಾಯಚೂರು ಕಡೆಯವರಿಗೆ ಗುಡ್ಡ ಹತ್ತುವುದನ್ನು ಯಾರೂ ಕಲಿಸಬೇಕಿಲ್ಲ. ಶನಿವಾರ ಬಂದರೆ, ಶ್ರಾವಣ ಬಂದರೆ, ಮನೆಗೆ ನೆಂಟರು ಬಂದರೆ ಒಂದು ಗುಡ್ಡ ಇದ್ದೇ ಇರುತ್ತದೆ. ಅಂಜನಾದ್ರಿಯ 575 ಮೆಟ್ಟಿಲನ್ನು ಅಜ್ಜಿಯರು ಮೊಣಕಾಲ ಮೇಲೆ ಕೈಯೂರಿ ಹತ್ತಿ, ಮೇಲೆ ಕೂತು ಸುಧಾರಿಸಿಕೊಂಡು, ಕೆಳಗಿನ ಗದ್ದೆ, ಹೊಳೆ, ಗುಂಡುಗಳನ್ನು ಕಣ್ತುಂಬ ನೋಡಿಯೇ ಇಳಿಯುತ್ತಾರೆ. ಇದೇ ಜನ ವಿಶಾಖಪಟ್ಟಣಕ್ಕೆ ಹೋಗಿ ಕಡಲ ಪಕ್ಕದ ಕೈಲಾಸಗಿರಿ ಗುಡ್ಡ ಹತ್ತಿ ಬಂದರೆ ಮಾತ್ರ ಮುಖ ಸಪ್ಪೆ. ‘ಏನಿಲ್ಲ ಬಿಡ್ರೀ, ಬರೀ ಮಬ್ಬು. ಆಮೇಲೆ ಕತ್ತಲಾತು’ ಅನ್ನುತ್ತಾರೆ.

ಟೆಂಪೋ ಟ್ರಾವೆಲರ್ ಪ್ರವಾಸದ ಸಾಮಾನ್ಯ ಕ್ರಮ ನೋಡಿದರೆ ಇದರಲ್ಲಿ ಆಶ್ಚರ್ಯವಿಲ್ಲ. ಬೆಳಗ್ಗೆ ಊರಿಗೆ ಮುಟ್ಟಿದ ಕೂಡಲೇ ಆರ್‌ಕೆ ಬೀಚ್, ಅಲ್ಲೇ ಮರಳ ಮೇಲೆ ಮ್ಯೂಸಿಯಂ ಮಾಡಿಟ್ಟಿರುವ ಕುರ್ಸುರಾ ಸಬ್‌ಮರೀನ್, ಊಟ, ಸಿಂಹಾಚಲ, ಕೊನೆಗೆ ಹೊತ್ತು ಮುಳುಗುವಾಗ ಓಡೋಡಿ ಕೈಲಾಸಗಿರಿ. ಈ ಕ್ರಮವನ್ನು ತಲೆಕೆಳಗು ಮಾಡಿದರೆ ಅರ್ಧ ಸಮಸ್ಯೆ ಅಲ್ಲೇ ಮುಗಿಯುತ್ತದೆ. ಕಡಲ ಊರಿಗೆ ಹೋದವರು ಮೊದಲ ದಿನ ಮಧ್ಯಾಹ್ನ ಮೂರೂವರೆಗೆ ಗುಡ್ಡದ ಮೇಲಿರಬೇಕು. ಕಡಲಿಗೆ ಕಾಲಿಡುವುದು ಮರುದಿನ ಬೆಳಗ್ಗೆ. ಯಾಕೆ ಎನ್ನುವುದಕ್ಕೆ ಬಿಸಿಲಿನ ಲೆಕ್ಕವಿದೆ, ಗಾಳಿಯ ಲೆಕ್ಕವಿದೆ, ಜೀವದ ಲೆಕ್ಕವೂ ಇದೆ.

ಮೊದಲು ಎತ್ತರದ ವಿಷಯ ತೀರಿಸಿಬಿಡೋಣ. ಗೋವಾದ ವಾಸ್ಕೋದಿಂದ ಹೌರಾ ಕಡೆಗೆ ಓಡುವ ಅಮರಾವತಿ ಎಕ್ಸ್‌ಪ್ರೆಸ್ ಕೊಪ್ಪಳ, ಹೊಸಪೇಟೆ, ಬಳ್ಳಾರಿ, ಗುಂತಕಲ್ಲು, ವಿಜಯವಾಡ ಹಾದು ವಿಶಾಖಪಟ್ಟಣಕ್ಕೆ ಹೋಗುತ್ತದೆ. ಅಂದರೆ ನಮ್ಮ ಊರುಗಳು ಎರಡು ಕಡಲುಗಳ ನಡುವೆ ಒಂದೇ ಹಳಿಯ ಮೇಲಿವೆ. ವಾರದ ಎಲ್ಲ ದಿನವೂ ಓಡುವುದಿಲ್ಲ, ದಿನ ನೋಡಿಕೊಂಡು ಟಿಕೆಟ್ ಮಾಡಿಸಬೇಕು. ಕಿಟಕಿ ಪಕ್ಕ ಕೂತವರು ಒಂದು ಆಟ ಆಡಬಹುದು: ಪ್ರತಿ ನಿಲ್ದಾಣದ ಹಳದಿ ಹಲಗೆಯ ಕೆಳಮೂಲೆಯಲ್ಲಿ ಸಮುದ್ರಮಟ್ಟದಿಂದ ಆ ಊರಿನ ಎತ್ತರ ಬರೆದಿರುತ್ತದೆ. ಬಳ್ಳಾರಿಯ ನೆಲವೇ 450 ಮೀಟರಿಗಿಂತ ಮೇಲಿದೆ. ರೈಲು ಪೂರ್ವಕ್ಕೆ ಹೋದಂತೆ ಆ ಅಂಕಿ ಇಳಿಯುತ್ತಾ ಇಳಿಯುತ್ತಾ ಕರಾವಳಿಗೆ ಬರುವ ಹೊತ್ತಿಗೆ ಎರಡಂಕಿ, ಒಂದಂಕಿಗೆ ಬಂದು ನಿಲ್ಲುತ್ತದೆ.

ತಮಾಷೆ ಏನೆಂದರೆ, ಕಣ್ಣಿಗೆ ಈ 450 ಮೀಟರು ಲೆಕ್ಕಕ್ಕೇ ಇಲ್ಲ. ಸುತ್ತಲಿನ ನೆಲದಿಂದ ನೀವು ಎಷ್ಟು ಮೇಲಿದ್ದೀರಿ ಎನ್ನುವುದೊಂದೇ ಅದಕ್ಕೆ ಬೇಕು. ಬಳ್ಳಾರಿ ಕೋಟೆ ಗುಡ್ಡ ಬಯಲಿನಿಂದ ಸುಮಾರು 450 ಅಡಿ, ಅಂದರೆ 137 ಮೀಟರ್ ಎದ್ದು ನಿಂತಿದೆ. ಕೈಲಾಸಗಿರಿ ಸಮುದ್ರದಿಂದ ಸುಮಾರು 170 ಮೀಟರ್. ಇಬ್ಬರೂ ಹೆಚ್ಚುಕಮ್ಮಿ ಒಂದೇ ಎತ್ತರದ ಆಳುಗಳು. ಬಾನಂಚು ಎಷ್ಟು ದೂರ ಎಂದು ತಿಳಿಯಲು ಸುಲಭದ ಸೂತ್ರವಿದೆ: ಎತ್ತರವನ್ನು ಮೀಟರಿನಲ್ಲಿ ತೆಗೆದುಕೊಂಡು ಅದರ ವರ್ಗಮೂಲವನ್ನು 3.57ರಿಂದ ಗುಣಿಸಿದರೆ ಕಿಲೋಮೀಟರಿನಲ್ಲಿ ಉತ್ತರ ಬರುತ್ತದೆ. ಕೋಟೆ ಗುಡ್ಡದಿಂದ ಸುಮಾರು 42 ಕಿ.ಮೀ., ಕೈಲಾಸಗಿರಿಯಿಂದ ಸುಮಾರು 47. ದಂಡೆಯ ಮರಳಲ್ಲಿ ನಿಂತವರ ಕಣ್ಣು ನೆಲದಿಂದ 1.6 ಮೀಟರ್ ಎತ್ತರದಲ್ಲಿದ್ದರೆ? ಬರೀ ನಾಲ್ಕೂವರೆ ಕಿ.ಮೀ. ಬೀಚಿನಲ್ಲಿ ನಿಂತು ‘ಕೊನೆಯೇ ಇಲ್ಲದ ಕಡಲು’ ಎಂದು ಕೈ ಚಾಚುವವರು ನೋಡುತ್ತಿರುವುದು ಅಷ್ಟು ನೀರನ್ನು ಮಾತ್ರ.

ಎತ್ತರದ ಗುಡ್ಡದಿಂದ ಏನು ಕಾಣುತ್ತದೆ ಎನ್ನುವುದು ನಮ್ಮೂರಲ್ಲಿ ಬರೀ ಶೋಕಿಯ ಪ್ರಶ್ನೆಯಾಗಿರಲಿಲ್ಲ. ಬಳ್ಳಾರಿಯ ಮೇಲುಕೋಟೆ ಹನುಮಪ್ಪ ನಾಯಕನದು, ಕೆಳಕೋಟೆ ಹೈದರಾಲಿಯ ಕಾಲದ್ದು. ಕೋಟೆ ಕಟ್ಟಿ ಮುಗಿದ ಮೇಲೆ ಎದುರಿನ ಕುಂಬಾರ ಗುಡ್ಡ ಇದಕ್ಕಿಂತ ಎತ್ತರ ಎಂದು ತಿಳಿದು, ಶತ್ರು ಅಲ್ಲಿ ಫಿರಂಗಿ ಇಟ್ಟರೆ ಗತಿಯೇನು ಎಂದು ಸಿಟ್ಟಾದ ಹೈದರಾಲಿ ಫ್ರೆಂಚ್ ಎಂಜಿನಿಯರನ್ನು ನೇಣಿಗೆ ಹಾಕಿಸಿದ ಎನ್ನುವ ಕತೆ ಊರಿನ ಎಲ್ಲರ ಬಾಯಲ್ಲಿದೆ. ಕತೆ ನಿಜವೋ ಸುಳ್ಳೋ, ಅದರೊಳಗಿನ ಪಾಠ ಸರಿಯಾಗಿದೆ. ಗುಡ್ಡದ ಮೇಲೆ ಮೊದಲು ನೋಡಬೇಕಾದ್ದು ಏನು ಕಾಣುತ್ತದೆ ಎಂದಲ್ಲ, ಎದುರಿಗೆ ಏನು ಅಡ್ಡವಾಗಿದೆ ಎಂದು. ಕೈಲಾಸಗಿರಿಯಲ್ಲೂ ಹಾಗೆಯೇ. ಹಡಗಿನ ಮೂತಿಯ ಆಕಾರದಲ್ಲಿ ಕಂಬಿ ಕಟ್ಟಿದ ‘ಟೈಟಾನಿಕ್ ವ್ಯೂ ಪಾಯಿಂಟ್’ ಒಂದಿದೆ. ಜನರೆಲ್ಲ ಅಲ್ಲಿಗೇ ಮುಗಿಬೀಳುತ್ತಾರೆ, ಸರದಿ ಬರುವ ಹೊತ್ತಿಗೆ ಬೆಳಕು ಹೋಗಿರುತ್ತದೆ. ಗುಡ್ಡದ ನೆತ್ತಿ ಉದ್ದಕ್ಕಿದೆ. ಕಡಲ ಕಡೆಯ ಅಂಚಿಗೆ ನಡೆಯುತ್ತಾ ಹೋದರೆ ಮರಗಳ ಸಂದಿನಲ್ಲಿ ಅದಕ್ಕಿಂತ ಒಳ್ಳೆಯ ನೋಟ ಸಿಗುವ ಜಾಗಗಳು ಬೇಕಾದಷ್ಟಿವೆ. 2014ರ ಅಕ್ಟೋಬರ್ 12ರಂದು ಹುಡ್‌ಹುಡ್ ಚಂಡಮಾರುತ ನೇರ ಈ ಊರಿಗೇ ಬಡಿದಾಗ ಇಲ್ಲಿನ ಗುಡ್ಡಗಳ ಮರಗಳೆಲ್ಲ ಉರುಳಿದ್ದವು. ಈಗಿನ ಹಸಿರಿನ ಬಹುಪಾಲು ಆಮೇಲೆ ಚಿಗುರಿದ್ದು.

ಇನ್ನು ಗಡಿಯಾರ. ಬಳ್ಳಾರಿಯವರು ಮೋಸಹೋಗುವುದು ಇಲ್ಲೇ. ದೇಶಕ್ಕೆಲ್ಲ ಒಂದೇ ಗಂಟೆ, ಆದರೆ ಸೂರ್ಯನಿಗೆ ಅದು ಗೊತ್ತಿಲ್ಲ. ನಮ್ಮ ಗಡಿಯಾರವನ್ನು 82.5 ಡಿಗ್ರಿ ರೇಖಾಂಶಕ್ಕೆ ಹೊಂದಿಸಿದ್ದಾರೆ. ವಿಶಾಖಪಟ್ಟಣ 83.3 ಡಿಗ್ರಿಯಲ್ಲಿ, ಅದರ ಪಕ್ಕದಲ್ಲೇ ಇದೆ, ಬಳ್ಳಾರಿ 76.9ರಲ್ಲಿ. ಒಂದು ಡಿಗ್ರಿಗೆ 4 ನಿಮಿಷದಂತೆ ಹತ್ತಿರ ಹತ್ತಿರ 25 ನಿಮಿಷದ ವ್ಯತ್ಯಾಸ. ಅದು ಸ್ವಲ್ಪ ಉತ್ತರಕ್ಕೂ ಇರುವುದರಿಂದ ಡಿಸೆಂಬರ್‌ನಲ್ಲಿ ಸೂರ್ಯಾಸ್ತದ ಅಂತರ ಅರ್ಧ ಗಂಟೆಗೇ ಮುಟ್ಟುತ್ತದೆ: ಬಳ್ಳಾರಿಯಲ್ಲಿ ಹೊತ್ತು ಮುಳುಗುವುದು ಆರಕ್ಕೆ ಐದು ನಿಮಿಷ ಇರುವಾಗ, ಅಲ್ಲಿ ಐದೂವರೆಗೂ ಮುಂಚೆ. ಇಲ್ಲಿನ ರೂಢಿಯಲ್ಲಿ ‘ಐದೂವರೆಗೆ ಹತ್ತಿದರೆ ಆರಕ್ಕೆ ಮೇಲಿರ್ತೀವಿ, ಸೂರ್ಯ ಮುಳುಗೋದು ನೋಡಬಹುದು’ ಎಂದು ಹೊರಟರೆ, ಹತ್ತುವ ದಾರಿಯಲ್ಲೇ ದೀಪ ಹಚ್ಚುತ್ತಾರೆ. ಬೆಳಗಿನದೂ ಅಷ್ಟೆ. ಜೂನ್ ಮೊದಲ ವಾರ ಅಲ್ಲಿ ಐದೂ ಕಾಲಿನ ಆಸುಪಾಸಿಗೇ ಸೂರ್ಯ ಎದ್ದಿರುತ್ತಾನೆ. ಆರಕ್ಕೆ ಅಲಾರಂ ಇಟ್ಟು ಮಲಗಿದವರಿಗೆ ಕಡಲ ಸೂರ್ಯೋದಯ ಸಿಗುವುದಿಲ್ಲ.

ಅಲ್ಲಿ ದಂಡೆ ನೈಋತ್ಯದಿಂದ ಈಶಾನ್ಯಕ್ಕೆ ಓರೆಯಾಗಿ ಹಾದುಹೋಗಿದೆ; ಕಡಲು ಇರುವುದು ಆಗ್ನೇಯಕ್ಕೆ. ಬೆಳಗ್ಗೆ ಗುಡ್ಡದ ಮೇಲೆ ನಿಂತರೆ ಸೂರ್ಯ ಕಡಲ ಮೇಲಿಂದ ನೇರ ಕಣ್ಣಿಗೇ ಹೊಡೆಯುತ್ತಾನೆ. ನೀರಿಗೆ ಬಣ್ಣವಿರುವುದಿಲ್ಲ, ತಗಡಿನ ಹಾಗೆ ಮಿರುಗುತ್ತದೆ, ಅಷ್ಟೆ. ಮಧ್ಯಾಹ್ನ ಮೂರರ ಮೇಲೆ ಸೂರ್ಯ ನಿಮ್ಮ ಬೆನ್ನ ಹಿಂದೆ ಬರುತ್ತಾನೆ. ಆಗ ಕಡಲು ತನ್ನ ಪಟ್ಟೆಗಳನ್ನೆಲ್ಲ ಬಿಚ್ಚಿ ತೋರಿಸುತ್ತದೆ: ದಂಡೆಗೆ ಅಂಟಿಕೊಂಡು ಮರಳು ಕದಡಿದ ಕಂದು, ಅದರಾಚೆ ಹಸಿರು, ಅದರಾಚೆ ಕಡುನೀಲಿ. ಮೂರೂವರೆ ಎಂದದ್ದು ಇದಕ್ಕೇ. ಒಂದು ಎಚ್ಚರ, ಡಿಸೆಂಬರ್–ಜನವರಿಯ ಸಂಜೆ ಸೂರ್ಯ ನೈಋತ್ಯದ ಕಡೆಗೆ ವಾಲಿರುತ್ತಾನೆ, ಊರೂ ಆ ಕಡೆಗೇ ಇದೆ. ಊರಿನ ಫೋಟೋ ಬೇಕಾದವರು ನಾಲ್ಕರೊಳಗೆ ತೆಗೆದುಕೊಳ್ಳಬೇಕು. ಅಥವಾ ಸೂರ್ಯ ಮುಳುಗಿ ಹದಿನೈದು ನಿಮಿಷ ಕಾಯಬೇಕು. ಆಗ ಒಂದು ಹತ್ತು ನಿಮಿಷ ಆಕಾಶದಲ್ಲಿ ಇನ್ನೂ ನೀಲಿ ಇರುತ್ತದೆ, ಬೀಚ್ ರಸ್ತೆಯ ದೀಪಗಳೂ ಹತ್ತಿರುತ್ತವೆ. ಆ ಹತ್ತು ನಿಮಿಷ ಕಳೆದರೆ ಆಕಾಶ ಬರೀ ಕಪ್ಪು, ದೀಪ ಬರೀ ಚುಕ್ಕಿ.

ಮಬ್ಬಿನಲ್ಲಿ ಎರಡು ಜಾತಿ. ನಮ್ಮ ಕಡೆಯದು ಧೂಳಿನ ಮಬ್ಬು, ಕಂದು ಬಣ್ಣದ್ದು. ಮಾರ್ಚ್‌ನಲ್ಲಿ ಕೋಟೆ ಗುಡ್ಡದಿಂದ ತೋರಣಗಲ್ಲಿನ ಕಡೆ ನೋಡಿದರೆ ಬಾನಂಚೇ ಕಲಸಿಹೋದಂತೆ ಕಾಣುವುದು ಇದರಿಂದ. ಒಂದು ಜೋರು ಮಳೆ ಬಿದ್ದರೆ ತೊಳೆದುಹೋಗುತ್ತದೆ. ಕಡಲ ಮಬ್ಬು ಬಿಳಿ. ಅಲೆ ಒಡೆದಾಗ ಗಾಳಿಗೆ ಹಾರುವ ಉಪ್ಪಿನ ಕಣಗಳು ತೇವ ಹೀರಿಕೊಂಡು ಉಬ್ಬುತ್ತವೆ; ಉಬ್ಬಿದ ಕಣ ಬೆಳಕನ್ನು ಎಲ್ಲ ಕಡೆಗೂ ಚೆಲ್ಲುತ್ತದೆ. ಅದಕ್ಕೇ ಏಪ್ರಿಲ್–ಮೇ ತಿಂಗಳಲ್ಲಿ ಬಿಸಿಲು ಚುರುಗುಟ್ಟುತ್ತಿದ್ದರೂ ಕಡಲೂ ಆಕಾಶವೂ ಎಲ್ಲಿ ಕೂಡಿವೆ ಎಂದು ಗೊತ್ತಾಗುವುದಿಲ್ಲ. ಇದರ ಜೊತೆ ವಿಶಾಖಪಟ್ಟಣಕ್ಕೆ ತನ್ನದೇ ಒಂದು ತೊಂದರೆಯಿದೆ. ಉತ್ತರಕ್ಕೂ ದಕ್ಷಿಣಕ್ಕೂ ಗುಡ್ಡಸಾಲು, ನಡುವೆ ಬೋಗುಣಿಯಂಥ ತಗ್ಗಿನಲ್ಲಿ ಹಳೇ ಊರು, ಬಂದರು, ಕಾರ್ಖಾನೆಗಳು. ಚಳಿಗಾಲದ ಬೆಳಗ್ಗೆ ತಣ್ಣನೆಯ ಗಾಳಿ ತಳದಲ್ಲೇ ಕೂತು, ಮೇಲೆ ಬೆಚ್ಚಗಿನ ಗಾಳಿ ಮುಚ್ಚಳ ಹಾಕಿದಂತಾಗುತ್ತದೆ. ಹೊಗೆ, ಕಲ್ಲಿದ್ದಲಿನ ಧೂಳು, ಅದಿರಿನ ಧೂಳು ಮೇಲೇಳುವುದಿಲ್ಲ. ಹತ್ತು, ಹನ್ನೊಂದಕ್ಕೆ ಕಡಲ ಗಾಳಿ ಎದ್ದ ಮೇಲೆ ಅದು ಕದಲುತ್ತದೆ. ಗುಡ್ಡಕ್ಕೆ ಮಧ್ಯಾಹ್ನವೇ ವಾಸಿ ಎನ್ನುವುದಕ್ಕೆ ಇದು ಎರಡನೇ ಕಾರಣ.

ಗಾಳಿ ಎಷ್ಟು ತಿಳಿಯಾಗಿದೆ ಎಂದು ಅಳೆಯುವುದಕ್ಕೆ ಗುರುತು ಬೇಕು. ಕೈಲಾಸಗಿರಿಯಿಂದ ನೈಋತ್ಯಕ್ಕೆ ಸುಮಾರು 10 ಕಿ.ಮೀ. ದೂರದಲ್ಲಿ ಕಡಲೊಳಕ್ಕೆ ಮೂಗು ಚಾಚಿದ ಬೆಟ್ಟ ಕಾಣುತ್ತದೆ. ಅದೇ ಡಾಲ್ಫಿನ್ಸ್ ನೋಸ್, ಮೇಲೊಂದು ದೀಪಸ್ತಂಭ. ಅದರ ಬಂಡೆಯ ಗೀರುಗಳು ಬಿಡಿಬಿಡಿಯಾಗಿ ಕಂಡರೆ ನಿಮ್ಮ ಅದೃಷ್ಟ, ಆ ದಿನ ಮುಗಿಯುವವರೆಗೂ ಕೂತುಬಿಡಿ. ಬರೀ ಬೂದು ನೆರಳಾಗಿ ಕಂಡರೆ ದೂರದ ಫೋಟೋ ಬಿಟ್ಟು ಕಾಲ ಕೆಳಗಿನದನ್ನು ನೋಡುವುದು ಲೇಸು. ಅದೂ ಕಾಣದಿದ್ದರೆ ಟೀ ಕುಡಿದು ಇಳಿಯಬಹುದು. ಮಳೆ ನಿಂತ ಮರುದಿನ, ಅದರಲ್ಲೂ ಒಳನಾಡಿನ ಕಡೆಯಿಂದ ಗಾಳಿ ಬೀಸುವ ದಿನ, ನೋಟ ಎಲ್ಲಕ್ಕಿಂತ ಚೊಕ್ಕ. ಅಕ್ಟೋಬರ್ ಕೊನೆಯಿಂದ ಫೆಬ್ರವರಿ ಒಳ್ಳೆಯ ಕಾಲ. ಆದರೆ ಅಕ್ಟೋಬರ್–ನವೆಂಬರ್ ಬಂಗಾಳಕೊಲ್ಲಿಯಲ್ಲಿ ಚಂಡಮಾರುತದ ಕಾಲವೂ ಹೌದು. ಹೊರಡುವ ಎರಡು ದಿನ ಮುಂಚೆ ಹವಾಮಾನ ಇಲಾಖೆಯ ಮುನ್ಸೂಚನೆ ನೋಡಿಕೊಳ್ಳದೆ ಟ್ರಾವೆಲರ್‌ಗೆ ಅಡ್ವಾನ್ಸ್ ಕೊಡಬೇಡಿ.

ಮೇಲೆ ಹೋಗುವ ದಾರಿಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ವಾಹನದ ರಸ್ತೆ ಇದೆ, ಅಪ್ಪುಘರ್ ಕಡೆಯಿಂದ ಮೆಟ್ಟಿಲಿದೆ, ರೋಪ್‌ವೇ ಇದೆ. ಗಾಳಿ ಜೋರಾದರೆ ರೋಪ್‌ವೇ ನಿಲ್ಲಿಸುತ್ತಾರೆ, ವಯಸ್ಸಾದವರನ್ನು ಅದರಲ್ಲೇ ಇಳಿಸುವ ಅಂದಾಜು ಹಾಕಿಕೊಂಡು ವಾಹನವನ್ನು ಕಳಿಸಿಬಿಡಬೇಡಿ. ಮೇಲೆ ಶಿವ-ಪಾರ್ವತಿಯರ ದೊಡ್ಡ ಬಿಳಿ ಮೂರ್ತಿ, ಸುತ್ತು ಹಾಕುವ ಪುಟ್ಟ ರೈಲು, ತಿಂಡಿ ಅಂಗಡಿ ಇವೆ. ಮಕ್ಕಳಿದ್ದರೆ ಅರ್ಧ ಹೊತ್ತು ಅಲ್ಲೇ ಹೋಗುತ್ತದೆ. ದಾರಿ ಕೇಳುವುದಕ್ಕೆ ನಮ್ಮವರು ಅಳುಕಬೇಕಿಲ್ಲ. ಬಳ್ಳಾರಿಯಲ್ಲಿ ತೆಲುಗು ಬಾರದವರೇ ಕಡಿಮೆ, ಮತ್ತೆ ಹಲಗೆಯ ಮೇಲೆ ತೆಲುಗಿನಲ್ಲಿ ಬರೆದ ‘ಕೈಲಾಸಗಿರಿ’ಯನ್ನು ಕನ್ನಡ ಓದಬಲ್ಲ ಯಾರಾದರೂ ತಲೆಕಟ್ಟಿನ ವ್ಯತ್ಯಾಸ ಮರೆತು ಹಾಗೇ ಓದಿಬಿಡುತ್ತಾರೆ.

ಕಾಲಿನ ಕೆಳಗಿನ ಕಲ್ಲು ಮಾತ್ರ ಬೇರೆ, ಇದನ್ನು ಗಮನಿಸದವರೇ ಜಾರುವುದು. ಬಳ್ಳಾರಿ, ಹಂಪಿ, ಆನೆಗೊಂದಿಯ ಗುಡ್ಡಗಳು ಗ್ರಾನೈಟ್, ನಮ್ಮ ಬಾಯಲ್ಲಿ ಬಿಳಿ ಕಲ್ಲು. ಒಣಗಿದ್ದರೆ ಚಪ್ಪಲಿಗೂ ಹಿಡಿತ ಕೊಡುತ್ತದೆ, ಎಷ್ಟೇ ಇಳಿಜಾರಿದ್ದರೂ ಧೈರ್ಯ ಬರುತ್ತದೆ. ಅದರ ಮೇಲೆ ನೀರು ಇಳಿದ ಜಾಗದಲ್ಲಿ ಕಪ್ಪು ಪಟ್ಟೆ ಇರುತ್ತದಲ್ಲ, ಅದು ಪಾಚಿ, ಕಲ್ಲುಹೂ ಕಟ್ಟಿದ ಜಾಗ. ಒಂದು ಹನಿ ಮಳೆ ಬಿದ್ದರೂ ಸೋಪು ಹಚ್ಚಿದಂತಾಗುತ್ತದೆ. ಹಂಪಿಯ ಮಾತಂಗ ಪರ್ವತದಲ್ಲಿ ಮಳೆಗಾಲದ ಬೆಳಗ್ಗೆ ಬೀಳುವವರು ಬಹುಪಾಲು ಈ ಕಪ್ಪು ಪಟ್ಟೆ ತುಳಿದವರೇ. ಬಿಳಿ ಬಿಳಿ ಇರುವಲ್ಲಿ ಕಾಲಿಟ್ಟರೆ ಅಪಾಯ ಕಡಿಮೆ. ವಿಶಾಖಪಟ್ಟಣದ ಗುಡ್ಡಗಳು ಪೂರ್ವಘಟ್ಟದ ಖೊಂಡಲೈಟ್ ಕಲ್ಲಿನವು. ಖೊಂಡ ಬುಡಕಟ್ಟಿನವರ ಹೆಸರನ್ನೇ ಆ ಕಲ್ಲಿಗೆ ಇಟ್ಟಿದ್ದಾರೆ. ಅದು ಗುಂಡುಗುಂಡಾಗಿ ನಿಲ್ಲುವ ಜಾತಿಯಲ್ಲ. ಪದರ ಪದರವಾಗಿ ಕೊಳೆತು ಕೆಂಪು ಮೊರಂ ಆಗಿ ಉದುರುತ್ತದೆ. ದಾರಿ ಬಿಟ್ಟು ಅಂಚಿಗೆ ಹೋದರೆ ಕಾಲ ಕೆಳಗಿನ ಹರಳು ಬೇರಿಂಗಿನ ಗುಂಡಿನಂತೆ ಉರುಳುತ್ತದೆ, ಒಣಗಿದ್ದಾಗಲೂ. ನಮ್ಮೂರ ಬಂಡೆಯ ತುದಿಯಲ್ಲಿ ಕೂತು ಕಾಲು ಇಳಿಬಿಡುವ ಅಭ್ಯಾಸವನ್ನು ಅಲ್ಲಿಗೆ ಒಯ್ಯಬೇಡಿ.

ಬಿಸಿಲೂ ಹಾಗೆ. ನಮ್ಮ 40 ಡಿಗ್ರಿ ಒಣ ಬಿಸಿಲಲ್ಲಿ ಬೆವರು ಆರುತ್ತದೆ, ಮೈ ತಣಿಯುತ್ತದೆ. ಅಲ್ಲಿನ 33 ಡಿಗ್ರಿಯಲ್ಲಿ ಬೆವರು ಆರುವುದೇ ಇಲ್ಲ. ಸುರಿದುಹೋಗುತ್ತದೆ, ಮೈ ಮಾತ್ರ ಬಿಸಿಯಾಗಿಯೇ ಉಳಿಯುತ್ತದೆ. ‘ಬಳ್ಳಾರಿ ಬಿಸಿಲಿಗೆ ಬೆಳೆದವರು, ಇದೇನು ಮಹಾ’ ಎಂದವರು ಮೆಟ್ಟಿಲ ನಡುವೆ ತಲೆಸುತ್ತಿ ಕೂರುತ್ತಾರೆ. ಮೆಟ್ಟಿಲಲ್ಲಿ ಹೋಗುವವರು ತಲೆಗೊಂದು ಲೀಟರ್ ನೀರು ಇಟ್ಟುಕೊಳ್ಳಿ, ಒಂದಿಷ್ಟು ಉಪ್ಪು ಹಾಕಿದ ನಿಂಬೆ ಶರಬತ್ತು ಅಥವಾ ಓಆರ್‌ಎಸ್ ಇದ್ದರೆ ಇನ್ನೂ ಒಳ್ಳೆಯದು. ದಪ್ಪ ಕಾಟನ್ ಅಂಗಿ ಒಮ್ಮೆ ನೆನೆದರೆ ಒಣಗುವುದಿಲ್ಲ, ಮೇಲೆ ಗಾಳಿ ಬೀಸಿದಾಗ ಚಳಿ ಹಿಡಿಸುತ್ತದೆ.

ಈಗ ಮೇಲೆ ಬಂದಾಯಿತು, ಉಸಿರು ಹಿಡಿತಕ್ಕೆ ಬಂತು. ಯಾವ ಕಡೆ ನೋಡಬೇಕು?

ಎಡಕ್ಕೆ, ಈಶಾನ್ಯಕ್ಕೆ, ಐದಾರು ಕಿ.ಮೀ. ಆಚೆ ಋಷಿಕೊಂಡ. ಕಾಲ ಬುಡದಲ್ಲೇ ತೆನ್ನೇಟಿ ಪಾರ್ಕ್ ಮತ್ತು ಅದರ ಕೆಳಗಿನ ಕಲ್ಲುದಂಡೆ. 2020ರ ಅಕ್ಟೋಬರ್‌ನಲ್ಲಿ ಬಾಂಗ್ಲಾದೇಶದ ಸರಕು ಹಡಗೊಂದು ಬಿರುಗಾಳಿಗೆ ಸಿಕ್ಕಿ ಬಂದು ಕೂತದ್ದು ಇಲ್ಲೇ. ಬಲಕ್ಕೆ ಬೀಚ್ ರಸ್ತೆ, ಊರು, ಕೊನೆಯಲ್ಲಿ ಡಾಲ್ಫಿನ್ಸ್ ನೋಸ್. ಬಂದರಿನ ಬಾಯಿ ಅದರ ಆಸರೆಯಲ್ಲಿದೆ. 1933ರಲ್ಲಿ ತೆರೆದ ಬಂದರು. ಆ ಬೆಟ್ಟದ ಅಡ್ಡ ಇಲ್ಲದಿದ್ದರೆ ನೈಋತ್ಯದ ಅಲೆಗಳು ನೇರ ಒಳಗೆ ನುಗ್ಗುತ್ತಿದ್ದವು. ನೌಕಾಪಡೆಯ ಪೂರ್ವ ಕಮಾಂಡಿನ ಕೇಂದ್ರವೂ ಇದೇ ಊರು. ಡ್ರೋನ್ ಹಾರಿಸುವ ಹುಮ್ಮಸ್ಸು ಇದ್ದವರು ಅದನ್ನು ಊರಲ್ಲೇ ಬಿಟ್ಟು ಬರುವುದು ಕ್ಷೇಮ.

ಕಡಲ ಮೇಲೆ ಲಂಗರು ಹಾಕಿ ನಿಂತ ಹಡಗುಗಳನ್ನು ಒಂದು 8×42 ಬೈನಾಕ್ಯುಲರ್‌ನಲ್ಲಿ ನೋಡಿ. ಇದು ನಮ್ಮ ಕಡೆಯವರಿಗೆ ಬೇಗ ಅರ್ಥವಾಗುವ ವಿದ್ಯೆ. ಸಂಡೂರು ರಸ್ತೆಯಲ್ಲಿ ಎದುರು ಬರುವ ಲಾರಿ ಅದಿರು ತುಂಬಿದೆಯೋ ಖಾಲಿಯೋ ಎಂದು ಟೈರು ಅದುಮಿದ್ದು ನೋಡಿ ಹೇಳುತ್ತೇವಲ್ಲ, ಹಡಗಿಗೂ ಅದೇ. ನೀರಿನ ಮಟ್ಟದ ಮೇಲೆ ಅಗಲವಾದ ಕೆಂಪು ಬಣ್ಣದ ಪಟ್ಟಿ ಕಂಡರೆ ಖಾಲಿ ಹಡಗು. ಆ ಕೆಂಪು, ತಳಕ್ಕೆ ಚಿಪ್ಪುಹುಳ ಅಂಟದಂತೆ ಬಳಿಯುವ ಬಣ್ಣ, ಸರಕು ತುಂಬಿದಾಗ ನೀರೊಳಗೆ ಮುಳುಗಿಹೋಗುತ್ತದೆ. ಪಟ್ಟಿ ಕಾಣದಿದ್ದರೆ ಹೊಟ್ಟೆ ತುಂಬಿದೆ. ಇನ್ನೊಂದು, ಲಂಗರು ಹಾಕಿದ ಹಡಗುಗಳೆಲ್ಲ ಹೆಚ್ಚುಕಡಿಮೆ ಒಂದೇ ಕಡೆ ಮೂತಿ ಮಾಡಿ ನಿಂತಿರುತ್ತವೆ. ಲಂಗರು ಇರುವುದು ಮೂತಿಯಲ್ಲಿ, ಹೀಗಾಗಿ ಗಾಳಿ, ಹರಿವು ಬರುವ ಕಡೆಗೆ ಅವು ತಿರುಗಿಕೊಳ್ಳುತ್ತವೆ. ನೀವು ಕೂತ ಎರಡು ಗಂಟೆಯಲ್ಲಿ ಎಲ್ಲವೂ ಒಟ್ಟಿಗೆ ಬೇರೆ ಕಡೆ ತಿರುಗಿದ್ದರೆ ಕಡಲಲ್ಲಿ ಏನೋ ಬದಲಾಗಿದೆ ಎಂದು ತಿಳಿಯಬೇಕು.

ಆದರೆ ಗುಡ್ಡದ ಮೇಲಿಂದ ನೋಡಲೇಬೇಕಾದ್ದು ದೂರದ ಹಡಗೂ ಅಲ್ಲ, ಊರೂ ಅಲ್ಲ. ಅದು ದಂಡೆಗೆ ಒಡೆಯುವ ಅಲೆಗಳ ಬಿಳಿ ಗೆರೆ.

ಮೇಲಿಂದ ನೋಡಿದರೆ ದಂಡೆಯುದ್ದಕ್ಕೂ ನೊರೆಯ ಸಾಲು ಸಾಲು ಕಾಣುತ್ತದೆ. ಅವಸರ ಬೇಡ, ಹತ್ತು ಹದಿನೈದು ನಿಮಿಷ ನೋಡುತ್ತಾ ಕೂರಿ. ಸಾಲು ಒಂದೊಂದು ಕಡೆ ತುಂಡಾಗಿರುತ್ತದೆ. ಅಕ್ಕಪಕ್ಕದಲ್ಲಿ ಬೆಳ್ಳಗೆ ನೊರೆ ಏಳುತ್ತಿದ್ದರೆ ನಡುವೆ ಹತ್ತಿಪ್ಪತ್ತು ಮೀಟರ್ ಅಗಲಕ್ಕೆ ಅಲೆಯೇ ಒಡೆಯುವುದಿಲ್ಲ, ನೀರು ಕಪ್ಪಗೆ, ಸುಮ್ಮನೆ ಇದ್ದಂತೆ ಕಾಣುತ್ತದೆ. ಕೆಲವೊಮ್ಮೆ ಅದೇ ಜಾಗದಿಂದ ಕದಡಿದ ಮರಳು ಕಡಲ ಕಡೆಗೆ ಹೊಗೆಯಂತೆ ಚಾಚಿರುತ್ತದೆ. ಆ ತುಂಡು ಮತ್ತೆ ಮತ್ತೆ ಅದೇ ಜಾಗದಲ್ಲಿ ಕಂಡರೆ ಅದು ಹಿಂದಕ್ಕೆ ಎಳೆಯುವ ಹರಿವು, ರಿಪ್ ಕರೆಂಟ್. ಅಲೆಗಳು ದಂಡೆಗೆ ತಂದು ಸುರಿದ ನೀರು ಹೇಗಾದರೂ ಹಿಂದೆ ಹೋಗಬೇಕು. ನೀರಿನಡಿಯ ಮರಳ ದಿಬ್ಬ ಎಲ್ಲಿ ಕಡಿದಿದೆಯೋ ಅಲ್ಲಿ ದಾರಿ ಮಾಡಿಕೊಂಡು ಹೋಗುತ್ತದೆ. ಅಲ್ಲಿ ತಳ ಆಳ, ಅದಕ್ಕೇ ಅಲೆ ಒಡೆಯುವುದಿಲ್ಲ. ಬಂಡೆಗಳ ಪಕ್ಕದಲ್ಲಂತೂ ಇಂಥ ಹರಿವು ಕಾಯಂ ಆಗಿ ಇರುತ್ತದೆ.

ದಂಡೆಯ ಮಟ್ಟದಲ್ಲಿ ನಿಂತವರಿಗೆ ಇದು ಕಾಣುವುದಿಲ್ಲ. ಕಂಡರೂ ತಿರುಗಾಮುರುಗಾ ಕಾಣುತ್ತದೆ: ‘ಅಲ್ಲಿ ಅಲೆ ಜೋರಿದೆ, ಇಲ್ಲಿ ನೀರು ಶಾಂತವಾಗಿದೆ, ಮಕ್ಕಳನ್ನು ಇಲ್ಲೇ ಆಡಿಸೋಣ’ ಎಂದು ಆರಿಸುವುದೇ ಆ ಕಪ್ಪು ಗೀರನ್ನು. ಹರಿವು ಸಾಧಾರಣವಾಗಿ ಸೆಕೆಂಡಿಗೆ ಅರ್ಧ ಮೀಟರ್. ಬಿರುಸಾದರೆ 2 ಮೀಟರ್, ಅದು ಒಲಿಂಪಿಕ್ಸ್ ಈಜುಗಾರನ ವೇಗ. ಅದು ಯಾರನ್ನೂ ಕೆಳಕ್ಕೆ ಎಳೆಯುವುದಿಲ್ಲ, ಹೊರಕ್ಕೆ ಒಯ್ಯುತ್ತದೆ. ಮುಳುಗುವವರು ಅದರ ಎದುರು ದಂಡೆಯತ್ತ ಈಜಿ ಈಜಿ ಕೈ ಸೋತು ಮುಳುಗುತ್ತಾರೆ.

ತುಂಗಭದ್ರೆಯ ಎಚ್‌ಎಲ್‌ಸಿ ಕಾಲುವೆಯಲ್ಲಿ, ಹೊಲದ ಬಾವಿಯಲ್ಲಿ, ಹೊಳೆಯಲ್ಲಿ ಈಜು ಕಲಿತವರಿಗೆ ಇದನ್ನು ಹೀಗೆ ಹೇಳಬಹುದು. ಕಾಲುವೆಯ ಸೆಳವಿನಲ್ಲಿ ಸಿಕ್ಕರೆ ನೀವು ನೀರಿಗೆ ಎದುರಾಗಿ ಈಜುವುದಿಲ್ಲ, ಅಡ್ಡ ಈಜುತ್ತೀರಿ. ಸ್ವಲ್ಪ ಕೆಳಗೆ ಹೋದರೂ ದಡ ಸಿಗುತ್ತದೆ. ಕಡಲಲ್ಲೂ ನಿಯಮ ಅದೇ, ಸೆಳವಿಗೆ ಅಡ್ಡ. ಆದರೆ ಕಾಲುವೆಯಲ್ಲಿ ಅಡ್ಡ ಎಂದರೆ ದಡದ ಕಡೆಗೆ; ಇಲ್ಲಿ ಸೆಳವು ದಡದಿಂದ ಆಚೆಗೆ ಹೋಗುತ್ತಿರುವುದರಿಂದ ಅಡ್ಡ ಎಂದರೆ ದಡದ ಉದ್ದಕ್ಕೆ. ಕಣ್ಣಿಗೆ ದಂಡೆ ಕಾಣುತ್ತಿರುವಾಗ ಅದರ ಕಡೆಗೆ ಹೋಗದೆ ಪಕ್ಕಕ್ಕೆ ಈಜುವುದು ಮನಸ್ಸಿಗೆ ಒಗ್ಗುವುದಿಲ್ಲ, ಎಡವಟ್ಟಾಗುವುದು ಅಲ್ಲೇ. ಮೂವತ್ತು ನಲವತ್ತು ಮೀಟರ್ ಪಕ್ಕಕ್ಕೆ ಈಜಿದರೆ ಬಿಳಿ ನೊರೆ ಸಿಗುತ್ತದೆ, ಅಲೆಯೇ ನಿಮ್ಮನ್ನು ದಂಡೆಗೆ ತಳ್ಳುತ್ತದೆ. ಈಜಲು ಆಗದಿದ್ದರೆ ಅಂಗಾತ ತೇಲಿ ಕೈ ಎತ್ತಬೇಕು. ದಂಡೆಯಲ್ಲಿರುವವರು ಹಿಂದೆಯೇ ಹಾರಬಾರದು; ಹಗ್ಗ, ಮುಚ್ಚಳ ಹಾಕಿದ ಖಾಲಿ ಕ್ಯಾನು, ಏನು ಸಿಕ್ಕರೆ ಅದನ್ನು ಎಸೆದು ಕಾವಲಿನವರನ್ನು ಕೂಗಬೇಕು. ಒಬ್ಬರ ಹಿಂದೆ ಇಬ್ಬರು ಮೂವರು ಹೋದ ಸುದ್ದಿಗಳೆಲ್ಲ ಹೀಗೆ ಹಾರಿದವರದು.

ಹೀಗಾಗಿ ಗುಡ್ಡದ ಮೇಲಿಂದ ತುಂಡಾದ ಜಾಗ ಕಂಡಾಗ ಅದರ ನೇರಕ್ಕೆ ರಸ್ತೆಯಲ್ಲಿ ಏನಿದೆ ಎಂದು ಗುರುತು ಹಾಕಿಕೊಳ್ಳಿ: ನೀಲಿ ಬಣ್ಣದ ಹೋಟೆಲು, ನೀರಿನ ಟ್ಯಾಂಕು, ಒಂಟಿ ತಾಳೆಮರ. ಫೋನಿನಲ್ಲಿ ಫೋಟೋ ತೆಗೆದು ಅದರ ಮೇಲೇ ಬೆರಳಿನಿಂದ ಒಂದು ಸುತ್ತು ಬರೆದು ಮನೆಯವರಿಗೆಲ್ಲ ಕಳಿಸಿ. ಮರಳ ದಿಬ್ಬ ದಿನಗಳಲ್ಲೇ ಜಾಗ ಬದಲಿಸುತ್ತದೆ, ಕಳೆದ ವರ್ಷದ ಗುರುತು ಈ ವರ್ಷಕ್ಕೆ ಆಗದು. ಅದಕ್ಕೇ ನೀರಿಗಿಳಿಯುವ ಹಿಂದಿನ ಸಂಜೆಯೇ ಗುಡ್ಡ ಹತ್ತಿರಬೇಕು.

ಗದ್ದಲ ಬೇಡವೆನ್ನುವವರಿಗೆ ಕೈಲಾಸಗಿರಿಗಿಂತ ತೊಟ್ಲಕೊಂಡ ಒಳ್ಳೆಯದು. ಊರಿನಿಂದ ಭೀಮಿಲಿ ರಸ್ತೆಯಲ್ಲಿ ಸುಮಾರು 15 ಕಿ.ಮೀ., ಎತ್ತರ 128 ಮೀಟರ್. ಎರಡು ಸಾವಿರ ವರ್ಷಕ್ಕೂ ಹಿಂದಿನ ಬೌದ್ಧ ವಿಹಾರದ ತಳಪಾಯಗಳು, ಕಡಲಿಗೆ ಎದುರಾಗಿ. ನೌಕಾಪಡೆ 1970ರ ದಶಕದಲ್ಲಿ ವಿಮಾನದಿಂದ ಸರ್ವೆ ಮಾಡುವಾಗ ಕಣ್ಣಿಗೆ ಬಿದ್ದದ್ದು. ಹೆಸರು ಬಂದದ್ದು ಬಂಡೆಯಲ್ಲಿ ಕೊರೆದ ನೀರಿನ ತೊಟ್ಟಿಗಳಿಂದ, ಕನ್ನಡದವರಿಗೆ ಅರ್ಥ ಬಿಡಿಸಿ ಹೇಳಬೇಕಿಲ್ಲ. ಬಳ್ಳಾರಿ ಮೇಲುಕೋಟೆಯ ಬಂಡೆಯ ಸಂದಿನಲ್ಲಿ ಮಳೆ ನೀರು ಹಿಡಿದ ಕೊಳಗಳನ್ನು ಕಂಡವರಿಗೆ ಅಲ್ಲಿನ ಉಪಾಯ ಪರಿಚಿತವೇ. ಕೊಪ್ಪಳದ ಗವಿಮಠದ ಗುಡ್ಡ, ಪಾಲ್ಕಿಗುಂಡುಗಳಲ್ಲಿ ಅಶೋಕನ ಶಾಸನ ನೋಡಿದವರು ಇಲ್ಲಿ ಹೆಚ್ಚು ಹೊತ್ತು ಕೂರುತ್ತಾರೆ. ಅಂಗಡಿ ಮುಂಗಟ್ಟು ನಂಬಿಕೊಂಡು ಹೋಗಬೇಡಿ, ನೀರು ಕೆಳಗಿನಿಂದಲೇ ಒಯ್ಯಿರಿ.

ಪಶ್ಚಿಮದ ಕಡಲಿಗೆ ಹೋಗುವವರು ಮೇಲಿನ ಲೆಕ್ಕವನ್ನೆಲ್ಲ ಮಗುಚಿ ಹಾಕಬೇಕು. ಕಾರವಾರದ ಸದಾಶಿವಗಡದಂಥ ಗುಡ್ಡದಲ್ಲಿ ಬೆಳಗಿನ ಸೂರ್ಯ ಬೆನ್ನ ಹಿಂದಿರುತ್ತಾನೆ, ಕಾಳಿ ನದಿ ಕಡಲು ಸೇರುವ ಜಾಗ ಬಣ್ಣಬಣ್ಣವಾಗಿ ಕಾಣುತ್ತದೆ. ಸಂಜೆ ಕಡಲ ಕಡೆ ಬರೀ ಕೋರೈಸುವ ಬೆಳಕು. ಅಲ್ಲಿ ಗುಡ್ಡ ಬೆಳಗ್ಗೆ ಎಂಟು ಒಂಬತ್ತಕ್ಕೆ, ದಂಡೆ ಸಂಜೆಗೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗುಡ್ಡವೂ ಬೇಡ, ನೀರಂತೂ ಬೇಡವೇ ಬೇಡ.

ಉಪ್ಪುಗಾಳಿ ಕ್ಯಾಮೆರಾಗೂ ಕನ್ನಡಕಕ್ಕೂ ಕಾಣದ ಪೊರೆ ಕಟ್ಟುತ್ತದೆ. ಒಣ ಬಟ್ಟೆಯಲ್ಲಿ ಉಜ್ಜಿದರೆ ಉಪ್ಪಿನ ಹರಳು ಗೀರು ಹಾಕುತ್ತದೆ. ಮೊದಲು ಒದ್ದೆ ಬಟ್ಟೆ, ಆಮೇಲೆ ಒಣ ಬಟ್ಟೆ. ಏಸಿ ಕಾರಿನಿಂದ ಇಳಿದ ಕೂಡಲೇ ಲೆನ್ಸು ಮಂಜಾದರೆ ಒರೆಸುತ್ತಾ ಕೂರಬೇಡಿ, ಒರೆಸಿದಷ್ಟೂ ಬರುತ್ತದೆ. ಐದು ಹತ್ತು ನಿಮಿಷ ಬಿಟ್ಟರೆ ಹೊರಗಿನ ಬಿಸಿಗೆ ಹೊಂದಿಕೊಂಡು ತಾನೇ ಹೋಗುತ್ತದೆ. ಗುಡ್ಡ ಮುಟ್ಟುವ ಕಾಲು ಗಂಟೆ ಮುಂಚೆ ಕಾರಿನ ಏಸಿ ಆರಿಸಿ ಕಿಟಕಿ ಇಳಿಸಿದರೆ ಆ ರಗಳೆಯೇ ಇಲ್ಲ.

ಅಷ್ಟು ದೂರ ಹೋಗುವ ಮುಂಚೆ ಕಣ್ಣು ಪಳಗಿಸಿಕೊಳ್ಳಲು ಹೊಸಪೇಟೆಯೇ ಸಾಕು. ಸೆಪ್ಟೆಂಬರ್‌ನಲ್ಲಿ ತುಂಗಭದ್ರಾ ಜಲಾಶಯ ತುಂಬಿದಾಗ ವೈಕುಂಠ ಅತಿಥಿಗೃಹದ ಗುಡ್ಡದ ಮೇಲೆ ನಿಂತರೆ 33 ಕ್ರೆಸ್ಟ್ ಗೇಟು ಒಂದು ಕಡೆ, ತುಂಬಿ ಹರಡಿದರೆ 378 ಚದರ ಕಿ.ಮೀ. ಆವರಿಸುವ ನೀರು ಇನ್ನೊಂದು ಕಡೆ. ಗಾಳಿ ನೀರಿನ ಮೇಲೆ ಹಾದುಹೋಗುವ ಗೆರೆ, ಮೋಡದ ನೆರಳಿಗೂ ಆಳದ ಕಪ್ಪಿಗೂ ಇರುವ ವ್ಯತ್ಯಾಸ, ಎಲ್ಲವನ್ನೂ ಅಲ್ಲೇ ಕಲಿಯಬಹುದು. ನೆರಳು ಸರಿಯುತ್ತದೆ, ಆಳ ಸರಿಯುವುದಿಲ್ಲ.

ಮರುದಿನ ಬೆಳಗ್ಗೆ, ಬಳ್ಳಾರಿ ಗಡಿಯಾರಕ್ಕಿಂತ ಅರ್ಧ ಗಂಟೆ ಮುಂಚೆ ಎದ್ದು ದಂಡೆಗೆ ಹೋಗಿ. ನಿನ್ನೆ ಸುತ್ತು ಬರೆದ ಫೋಟೋ ತೆಗೆದು ನೀಲಿ ಹೋಟೆಲು ಎಲ್ಲಿದೆ ನೋಡಿ, ಅದರಿಂದ ನೂರು ಹೆಜ್ಜೆ ಆಚೆ ಚಪ್ಪಲಿ ಬಿಡಿ. ಆಮೇಲೆ ದೂರದ ಹಡಗಿನ ಕಡೆ ಕಣ್ಣು ಹಾಯಿಸಿ. ಗುಡ್ಡದ ಮೇಲಿಂದ ಕೆಂಪು ಪಟ್ಟಿಯ ಸಮೇತ ಇಡಿಯಾಗಿ ಕಂಡಿದ್ದ, ಹದಿನೈದು ಕಿ.ಮೀ. ಆಚೆಯ ಹಡಗಿಗೆ ಈಗ ಕೆಳಗಿನ ಏಳೆಂಟು ಮೀಟರ್ ಇರುವುದಿಲ್ಲ. ಮೇಲಿನ ಕಟ್ಟಡ, ಕ್ರೇನು ಮಾತ್ರ ನೀರಿನ ಮೇಲೆ ಇಟ್ಟಂತೆ ಕಾಣುತ್ತವೆ. ಖಾಲಿಯೋ ತುಂಬಿದೆಯೋ, ದಂಡೆಯಲ್ಲಿ ನಿಂತು ಹೇಳಲು ಬರುವುದಿಲ್ಲ.